ಹಿಮದ ಆಟಕ್ಕೆ ನಾನು ಹಾಕಿದ ಬಿಸಿಲು

ಹಿಮವನ್ನು ನಾನು ಕಣ್ಣಾರೆ ಕಂಡವನಲ್ಲ. ಮಾರಿಕಣಿವೆಯ ಅಣೆಕಟ್ಟೆಯಲ್ಲಿ ನನಗೆ ಕೆಲಸ. ದಿನಾ ಬೆಳಿಗ್ಗೆ ಮಳೆ ಅಳೆದು, ಬಿಸಿಲು ಚಳಿಯ ಡಿಗ್ರಿ ನೋಡಿ ರಿಜಿಸ್ಟರಿಗೆ ಬರೆಯುತ್ತೇನೆ. ಹಾಗಾಗಿ ಹವಾಮಾನವೆಂದರೆ ನನಗೆ ಅಂಗೈ ಮೇಲಿನ ನೆಲ್ಲಿಕಾಯಿ ಅಂತ ಒಂದು ಕೊಬ್ಬಿತ್ತು. ರಜೆ ಬಂದರೆ ಹಿರಿಯೂರಿನ ಬಾಡಿಗೆ ಮನೆಯಲ್ಲಿ ಕೂತು ಕಂಪ್ಯೂಟರಿನ ಯುದ್ಧದಾಟಗಳಿಗೆ ಸನ್ನಿವೇಶ ಕಟ್ಟುವುದು ನನ್ನ ಹುಚ್ಚು. ಬೆಟ್ಟ ಎಲ್ಲಿ, ತುಕಡಿ ಎಲ್ಲಿ, ಯಾವ ಹೊತ್ತಿಗೆ ಎಷ್ಟು ಚಳಿ, ಎಷ್ಟು ಗಾಳಿ, ಎಲ್ಲ ನಾನೇ ತುಂಬಬೇಕು. ಆಡುವವರು ಯಾವ್ಯಾವುದೋ ದೇಶದವರು. ಡ್ಯಾಮಿನ ನೀರು ಕಾಯುವ ಗಂಡ ಮನೆಗೆ ಬಂದು ಹಿಮ ಸುರಿಸುತ್ತಾನೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಹಿಮ ಕಂಡವನು ನನ್ನಣ್ಣ. ಸೈನ್ಯ ಸೇರಿ, ಉತ್ತರದ ಗಡಿಯ ಬೆಟ್ಟದ ಮೇಲೆ ಎರಡು ಚಳಿಗಾಲ ಕಳೆದು, ಎಡಗಾಲಿನ ಮೂರು ಬೆರಳನ್ನು ಅಲ್ಲೇ ಬಿಟ್ಟು ಬಂದು, ಆದಿವಾಲದಲ್ಲಿ ಕುರಿ ಸಾಕಿಕೊಂಡಿದ್ದ. ನಮ್ಮದು ಮೊದಲಿಂದಲೂ ಕುರಿ ಕಾಯುವ ಮನೆತನ. ಬಿದ್ದ ಮರಿಯನ್ನು ಬಿಟ್ಟು ಮಂದೆ ಹೊಡೆಯಬಾರದು ಅನ್ನುವುದು ನಮ್ಮಲ್ಲಿ ಕಟ್ಟಳೆ. ಮಳೆಗೆ ನೆನೆದು ಒಂದು ಮರಿ ಕುಸಿದರೂ ಇಡೀ ಮಂದೆ ನಿಲ್ಲುತ್ತದೆ. ಮರಿ ಕಂಬಳಿಯೊಳಗೆ ಬೆಚ್ಚಗಾಗಿ ಎದ್ದ ಮೇಲೇ ಮುಂದಿನ ಹೆಜ್ಜೆ.

ಒಂದು ಭಾನುವಾರ ಮನೆಗೆ ಬಂದಿದ್ದ ಅಣ್ಣ, ನನ್ನ ಪರದೆಯ ಮೇಲಿನ ಬಿಳಿ ಬೆಟ್ಟ ನೋಡಿ ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದ. ಎಂಟು ಜನ ಮೇಲಿನ ಠಾಣೆಯಿಂದ ಕೆಳಗಿನ ಕ್ಯಾಂಪಿಗೆ ಇಳಿಯುತ್ತಿದ್ದರಂತೆ. ಅಣ್ಣನೇ ಮುಂದಾಳು. ಕತ್ತಲಾಗುವ ಹೊತ್ತಿಗೆ ದಾರಿಯಲ್ಲಿ ಒಬ್ಬ ಜೊತೆಗಾರ ಕುಸಿದ. ಹೆಗಲು ಕೊಟ್ಟು ನಡೆಸಿಕೊಂಡೇ ಹೋಗೋಣ ಅಂದರು ಉಳಿದವರು. ಅಣ್ಣ ಎಲ್ಲರನ್ನೂ ನಿಲ್ಲಿಸಿ, ಅವನನ್ನು ತನ್ನ ಕೋಟಿನೊಳಗೆ ಎದೆಗವಚಿಕೊಂಡು ಕೂತ. ಮಾರನೆಯ ಮಧ್ಯಾಹ್ನ ಅವನು ಹಾಗೇ ಹೋಗಿಬಿಟ್ಟ.

"ನಿನ್ನ ಆಟದಾಗೆ ಅದನ್ನ ಕಟ್ಟೋ ತಮ್ಮ," ಅಂದ ಅಣ್ಣ. "ನಿಲ್ಲದಂಗೆ ನಡೆದಿದ್ರೆ ಅವನು ಉಳೀತಿದ್ನಾ, ಅಷ್ಟು ನೋಡ್ಬೇಕು ನಾನು."

ಒಂದು ತಿಂಗಳು ಕೂತು ಕಟ್ಟಿದೆ. ಇಳಿಜಾರು, ದೂರ, ರಾತ್ರಿಯ ಚಳಿ ಎಲ್ಲವನ್ನೂ ಅಣ್ಣನನ್ನು ಕೇಳಿ ಕೇಳಿ ತುಂಬಿದೆ. ಇದು ಬರೀ ಆಟವಲ್ಲ, ಅಲ್ಲಿ ನಡೆದ ಹಾಗೇ ನಡೆಯುತ್ತದೆ ಎಂದು ಅವನಿಗೆ ನೂರು ಸಲ ಹೇಳಿದೆ. ಹಗಲಿನ ಹವೆಯನ್ನು ಮಾತ್ರ ಕೇಳಲಿಲ್ಲ. ಅದು ನನಗೆ ಗೊತ್ತಿತ್ತಲ್ಲ! ನಮ್ಮ ಕಡೆ ಪುಷ್ಯ ಮಾಸದ ಬೆಳಿಗ್ಗೆ ಹಲ್ಲು ಕಟಕಟ ಅಂದರೂ ಒಂಬತ್ತಕ್ಕೆಲ್ಲ ಚಳಿ ಓಡಿಹೋಗುತ್ತದೆ. ನನ್ನ ರಿಜಿಸ್ಟರಿನಲ್ಲಿ ಬೆಳಗಿನಿಂದ ಮಧ್ಯಾಹ್ನಕ್ಕೆ ಡಿಗ್ರಿ ಹೇಗೆ ಏರುತ್ತದೋ ಹಾಗೇ ಅಲ್ಲೂ ಏರಿಸಿದೆ. ಬಿಸಿಲು ಬಿದ್ದ ಕೂಡಲೇ, ನಡೆಯುತ್ತಿರುವ ಸೈನಿಕರ ಕಸುವು ಮರಳುವಂತೆ ಮಾಡಿದೆ.

ಅಣ್ಣ ಬಂದು ಪಕ್ಕದಲ್ಲಿ ಕೂತ. ಮೊದಲು ತುಕಡಿಯನ್ನು ನಿಲ್ಲಿಸಿದೆ, ಜೊತೆಗಾರ ಸತ್ತ. ಆಮೇಲೆ ನಡೆಸಿದೆ. ಸೂರ್ಯ ಹುಟ್ಟಿದ, ಅವನ ಕಸುವು ಏರಿತು, ಕ್ಯಾಂಪು ಮುಟ್ಟಿದ. ಹತ್ತು ಸಲ ನಡೆಸಿದರೆ ಏಳು ಸಲ ಉಳಿದ. ನನಗೋ, ಕಟ್ಟಿದ್ದು ಸರಿಯಾಗಿ ಓಡಿತಲ್ಲ ಅನ್ನುವ ಹಿಗ್ಗು. ಪಕ್ಕದಲ್ಲಿ ಕೂತವನ ಮುಖ ಕೂಡ ನೋಡಲಿಲ್ಲ, ಮೂರ್ಖ.

"ನಡೆದಿದ್ರೆ ಉಳೀತಿದ್ದ ಕಣಣ್ಣ," ಅಂದೆ.

"ಹಂಗಾದ್ರೆ ನಾನೇ ಕೊಂದೆ," ಅಂದ ಅಣ್ಣ.

ಅಯ್ಯೋ, ಇದೆಲ್ಲ ಆಟ ಕಣಣ್ಣ ಎಂದು ಆಗ ತೊದಲಿದೆ. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಮತ್ತೆಂದೂ ಆ ಮಾತು ಎತ್ತಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ಮುಂದಿನ ಶ್ರಾವಣದಲ್ಲಿ ಎದೆನೋವು ಬಂದು ತೀರಿಕೊಂಡ.

ಅವನು ಹೋದ ಮೂರು ತಿಂಗಳಿಗೆ, ಉಳಿದವುಗಳ ಜೊತೆ ನಾನು ಆಟಗಾರರಿಗೆ ಹಂಚಿದ್ದ ಆ ಸನ್ನಿವೇಶವನ್ನು ಆಡಿದ ಚಳಿದೇಶದ ಒಬ್ಬರು ನನಗೆ ಬರೆದರು. ನಿಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲವೇನೋ, ಅಂಥ ಎತ್ತರದಲ್ಲಿ ಬಿಸಿಲಿಗೆ ಬೆಳಕಿರುತ್ತದೆಯೇ ಹೊರತು ಕಾವಿರುವುದಿಲ್ಲ, ಹೊತ್ತು ಏರಿದಂತೆ ಗಾಳಿಯೂ ಏರುತ್ತದೆ, ಹೋದ ಕಸುವು ನಡೆಯುವಾಗ ಮರಳುವುದಿಲ್ಲ ಎಂದು. ಆಗಲೇ ಕೂತು ತಿದ್ದಿ ಮತ್ತೆ ನಡೆಸಿದೆ. ನಿಂತರೂ ಸತ್ತ, ನಡೆದರೂ ಸತ್ತ. ಇಪ್ಪತ್ತು ಸಲ ನಡೆಸಿದೆ. ಇಪ್ಪತ್ತು ಸಲವೂ ದಾರಿಯಲ್ಲೇ, ಹಿಮದ ಮೇಲೆ ಬಿದ್ದು ಸತ್ತ. ನಿಜದಲ್ಲಿ ಅವನಿಗೆ ಸಾಯಲು ಅಣ್ಣನ ಎದೆಯಾದರೂ ಸಿಕ್ಕಿತ್ತು. ಅಣ್ಣ ಮಾಡಿದ್ದೇ ಸರಿಯಾಗಿತ್ತು.

ಅಂದೇ ಮಧ್ಯಾಹ್ನ ಆದಿವಾಲಕ್ಕೆ ಹೋದೆ. ಅತ್ತಿಗೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಏನನ್ನೂ ಮುಚ್ಚಿಡದೆ ಹೇಳಿದೆ, ತಪ್ಪು ನನ್ನದು, ಅಣ್ಣನದಲ್ಲ ಅಂದೆ, ಅತ್ತೂಬಿಟ್ಟೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಆ ಜೊತೆಗಾರನ ತಾಯಿಗೆ ಕಾಗ್ದ ಬರೆದಿದ್ರಪ್ಪ," ಅಂದರು. "ನಾನು ನಿಲ್ಸಿದ್ದಕ್ಕೇ ನಿನ್ನ ಮಗ ಸತ್ತ ಅಂತ. ನಿಮ್ಮನೆಯಿಂದ ಬಂದ ವಾರಕ್ಕೇ."

ಉತ್ತರ ಬಂತೇ ಎಂದು ಕೇಳಿದೆ.

"ಇಲ್ಲ. ಸಾಯೋಗಂಟ ದಿನಾ ಅಂಚೆ ಬರೋ ಹೊತ್ತಿಗೆ ಕಟ್ಟೆ ಮ್ಯಾಲೆ ಕುಂತ್ಕಂತಿದ್ರು."

ವಿಳಾಸ ಕೇಳಿದೆ. ಅತ್ತಿಗೆಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಅಣ್ಣನ ಟ್ರಂಕು, ಜೇಬುಗಳು, ಹಳೆಯ ಪುಸ್ತಕಗಳನ್ನೆಲ್ಲ ಹುಡುಕಿದೆವು. ಎಲ್ಲೂ ಬರೆದಿಟ್ಟಿರಲಿಲ್ಲ. ಯಾವುದೋ ಊರಿನಲ್ಲಿ ಒಬ್ಬ ತಾಯಿ ನಾನು ಹಾಕಿದ ಬಿಸಿಲನ್ನು ನಂಬಿಕೊಂಡು ನನ್ನಣ್ಣನನ್ನು ಶಪಿಸುತ್ತಿದ್ದಾಳೆ.