ನಡಿಗೆ ಸ್ಪರ್ಧೆಯ ಪ್ರೇಕ್ಷಕರು

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಶಾಲೆಯಲ್ಲಿ ಗಂಟೆ ಹೊಡೆದವರು. ಹೇಳಿದ್ದಕ್ಕಿಂತ ಒಂದೇಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಊರಿಗೆ ದೊಡ್ಡ ಕ್ರೀಡಾಕೂಟ ಬಂದಾಗ ಅವರನ್ನು ನಡಿಗೆ ಸ್ಪರ್ಧೆಯ ಗೇಟಿನಲ್ಲಿ ಕೂರಿಸಿ, ಎಣಿಸುವ ಯಂತ್ರ ಕೊಟ್ಟರು. ಯಾರೇ ಒಳಗೆ ಬರಲಿ, ಒಮ್ಮೆ ಗುಂಡಿ ಒತ್ತಬೇಕು.

ಓಟದ ಕಡೆ ನೂಕುನುಗ್ಗಲು. ಇಲ್ಲಿ ದೊಡ್ಡಪ್ಪನಿಗೆ ನೊಣ ಹೊಡೆಯುವ ಕೆಲಸ. ಮೊದಲ ದಿನ ಒಂಬತ್ತು ಜನ ಬಂದರು, ಅದರಲ್ಲೂ ಇಬ್ಬರು ದಾರಿ ತಪ್ಪಿದವರು. ಎರಡನೇ ದಿನ ನೀರು ನಿಂತು ಒಳಗಿನ ಶೌಚಾಲಯಕ್ಕೆ ಬೀಗ ಬಿತ್ತು. ಆದರೂ ಸಂಖ್ಯೆ ಇಪ್ಪತ್ತೆರಡಕ್ಕೇರಿತು.

ಮರುದಿನ ಬೆಳಿಗ್ಗೆ ಪತ್ರಿಕೆಯಲ್ಲಿ ‘ನಡಿಗೆಯತ್ತ ಹೆಚ್ಚಿದ ಜನಾಸಕ್ತಿ’ ಎಂದು ಬಂತು. ದೊಡ್ಡಮ್ಮ ಅದನ್ನು ಎರಡು ಸಲ ಓದಿ ಗಂಡನನ್ನು ದಿಟ್ಟಿಸಿದರು.

“ನಿನ್ನೆ ಎಷ್ಟು ಸಲ ಆಚೆ ಹೋಗಿ ಬಂದ್ರಿ?”

“ಹದಿಮೂರು. ಸಕ್ಕರೆ ಕಾಯಿಲೆ ಅಲ್ವಾ.”

“ವಾಪಸ್ ಬರುವಾಗೆಲ್ಲ ಗುಂಡಿ ಒತ್ತಿದ್ರಾ?”

“ಒತ್ತದೆ ಬಿಡ್ತೀನಾ? ಯಾರೇ ಬಂದ್ರೂ ಅಂತ ಹೇಳಿದಾರೆ.”

ದೊಡ್ಡಮ್ಮ ಪತ್ರಿಕೆ ಮಡಿಸಿಟ್ಟು ಒಳಗೆ ಹೋದರು. ಎರಡು ಬಾಟಲಿ ತುಂಬಿಸಿ ತಂದು ದೊಡ್ಡಪ್ಪನ ಚೀಲಕ್ಕೆ ಹಾಕಿದರು.

“ಇವತ್ತು ಫೈನಲ್ ತಾನೆ? ನೀರು ಚೆನ್ನಾಗಿ ಕುಡೀರಿ. ಸ್ಟೇಡಿಯಂ ತುಂಬಲಿ.”