ದೊಡ್ಡಮ್ಮ ಕೇಳಿ ತರಿಸಿದ ಕಾನೂನು

ಬಸ್ ನಿಲ್ದಾಣದ ಹಿಂದೆ ಮನೆಯಿಲ್ಲದವರ ತಂಗುದಾಣವಿತ್ತು. ಅಲ್ಲಿನ ಮೇಲ್ವಿಚಾರಕಿಯನ್ನು ಆ ಉದ್ದನೆಯ ಹುದ್ದೆಯ ಹೆಸರಿನಿಂದ ಕರೆದವರು ಯಾರೂ ಇಲ್ಲ. ಎಲ್ಲರಿಗೂ ಅವಳು ದೊಡ್ಡಮ್ಮ. ಅಲ್ಲೇ ಉಳಿದಿದ್ದ, ಅವಳಿಗಿಂತ ಹಿರಿಯನಾದ ಟೈಲರ್ ತಾತನಿಗೂ ದೊಡ್ಡಮ್ಮನೇ. ಬಾಯಿ ಜೋರು, ಕೈ ಧಾರಾಳ. ಕುಡಿದು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಉಗಿದು, ತಲೆಗೆ ನೀರು ಸುರಿದು, ಆಮೇಲೆ ಬಿಸಿ ಊಟ ಬಡಿಸುತ್ತಿದ್ದಳು. ಗಂಡ ತೀರಿಕೊಂಡು ಬಾಡಿಗೆ ಮನೆ ಬಿಟ್ಟ ವರ್ಷ ಈ ಕೆಲಸ ಸಿಕ್ಕಿತ್ತು. ಜೊತೆಗೆ ಅಡುಗೆಮನೆಯ ಪಕ್ಕ ಒಂದು ಪುಟ್ಟ ಕೋಣೆಯೂ ಸಿಕ್ಕಿತ್ತು. ಮಿಕ್ಕವರೆಲ್ಲ ಹಾಲ್‌ನಲ್ಲಿ ಸಾಲಾಗಿ ಮಲಗಿದರೆ, ದೊಡ್ಡಮ್ಮ ತನ್ನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತಿದ್ದಳು.

ಅವಳ ಸಿಟ್ಟೆಲ್ಲ ಊರಂಚಿನ ಸೇತುವೆಯ ಮೇಲೆ. ಸೇತುವೆಯ ಆಚೆ ಬೇರೆ ಪುರಸಭೆ. ಅವರದು ದೊಡ್ಡ ಕಟ್ಟಡ, ಸ್ವಂತ ವ್ಯಾನು, ವೈದ್ಯರೂ ಬರುತ್ತಿದ್ದರು. ಆದರೆ ಈಚೆ ಬದಿಯಲ್ಲಿ ಮಲಗಿದವನು ಜ್ವರದಲ್ಲಿ ನರಳುತ್ತಿದ್ದರೂ ಆ ವ್ಯಾನು ಸೇತುವೆ ದಾಟುವಂತಿರಲಿಲ್ಲ. ದಾಟಿದರೆ ಡೀಸೆಲ್ ಯಾರದು ಎಂದು ಎರಡೂ ಕಡೆ ಹಗ್ಗಜಗ್ಗಾಟ. "ಜ್ವರ ಏನು ನಿಮ್ಮ ಗಡಿ ಕೇಳ್ಕೊಂಡು ಬರುತ್ತಾ?" ಎಂದು ದೊಡ್ಡಮ್ಮ ಪುರಸಭೆಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು. ಅವಳನ್ನು ಕಂಡರೆ ಸದಸ್ಯರು ಹಿಂಬಾಗಿಲಿನಿಂದ ಜಾರಿಕೊಳ್ಳತೊಡಗಿದರು. ಶಾಸಕರು ಬಂದಾಗ ಅವರ ಕಾರಿಗೇ ಅಡ್ಡ ನಿಂತಳು.

ಕೊನೆಗೂ ಕಾನೂನು ಬಂತು. ಅಕ್ಕಪಕ್ಕದ ಊರುಗಳು ಮನೆಯಿಲ್ಲದವರ ಸೇವೆಯನ್ನು ಸೇರಿ ನಡೆಸಬಹುದು. ಎರಡೂ ಊರಿಗೆ ಒಂದೇ ವ್ಯಾನು, ಒಬ್ಬರೇ ವೈದ್ಯರು, ಒಂದೇ ತಂಗುದಾಣ. ಕಾನೂನು ಬರೆದವಳು ತಾನೇ ಎಂಬಂತೆ ದೊಡ್ಡಮ್ಮ ಎಲ್ಲರಿಗೂ ಸಿಹಿ ಹಂಚಿದಳು. ಬೀಗಲಿ ಬಿಡಿ, ಬೇರೆಯವರಾಗಿದ್ದರೆ ಡಂಗುರವನ್ನೇ ಹೊಡೆಸುತ್ತಿದ್ದರು. ಒಂದೇ ತಂಗುದಾಣ ಎಂದರೆ ಇನ್ನೊಂದರ ಬಾಗಿಲು ಮುಚ್ಚುತ್ತದೆ ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಅದನ್ನು ಹೇಳಲು ಎರಡೂ ಊರಿಗೆ ಸೇರಿ ನೇಮಕವಾದ ಅಧಿಕಾರಿಣಿಯೇ ಬಂದಳು. ಒಳ್ಳೆಯ ಹೆಂಗಸು, ಕಣ್ಣು ತಪ್ಪಿಸದೆ ಮಾತಾಡಿದಳು.

"ಶುಕ್ರವಾರ ಎಲ್ಲರನ್ನೂ ಸೇತುವೆ ಆಚೆಯ ಕಟ್ಟಡಕ್ಕೆ ಕರ್ಕೊಂಡು ಹೋಗ್ತೀವಿ ದೊಡ್ಡಮ್ಮ. ಅಲ್ಲಿ ಮೇಲ್ವಿಚಾರಕಿ ಇದ್ದಾರೆ. ನಿಮಗೂ ನಿವೃತ್ತಿ ವಯಸ್ಸು ದಾಟಿದೆ. ನೀವು ಎಲ್ಲಿಗೆ ಹೋಗ್ತೀರಿ?"

ಆ ಪ್ರಶ್ನೆಯನ್ನು ದೊಡ್ಡಮ್ಮ ನಿರೀಕ್ಷಿಸಿರಲಿಲ್ಲ. ಬಾಯಿ ಮಾತ್ರ ಸೋಲಲಿಲ್ಲ. "ನಮ್ಮ ತಂಗಿ ಮನೆ ಇದೆಯಲ್ಲಮ್ಮ!"

ತಂಗಿ ಇದ್ದದ್ದು ನಿಜ. ಒಂದೇ ಕೋಣೆಯ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಮುದುರಿಕೊಂಡು ಮಲಗುವ ತಂಗಿ. ಫೋನಿನಲ್ಲಿ "ಬಾ ಅಕ್ಕ" ಎಂದಳು, ಆದರೆ ಸ್ವಲ್ಪ ತಡೆದು ಎಂದಳು. ಆ ತಡೆ ದೊಡ್ಡಮ್ಮನಿಗೆ ಅರ್ಥವಾಯಿತು.

ಶುಕ್ರವಾರ ಅವಳೇ ನಿಂತು ಎಲ್ಲರ ಹಾಸಿಗೆ ಸುತ್ತಿಸಿ, ಬೈದು ಬೈದು ವ್ಯಾನು ಹತ್ತಿಸಿದಳು. ಟೈಲರ್ ತಾತ ಕೊನೆಯಲ್ಲಿ ಹತ್ತುತ್ತ, "ನೀವೂ ಬನ್ನಿ" ಎಂದ.

"ಯಾಕೆ, ನನಗೇನು ಮನೆ ಮಠ ಇಲ್ವಾ?"

ಹಾಗೆಂದವಳೇ ನಾಲಿಗೆ ಕಚ್ಚಿಕೊಂಡಳು. ತಾತ ಒಳಗೆ ಹೋಗಿ ಕೂತ.

ಬೀಗದ ಕೈ ಒಪ್ಪಿಸಿ, ಟ್ರಂಕನ್ನು ಹೇಗೋ ಎಳೆದುಕೊಂಡು ಬಸ್ ನಿಲ್ದಾಣದ ಬೆಂಚಿನವರೆಗೆ ಬಂದಳು. ತಂಗಿಯ ಊರಿನ ಬಸ್ಸುಗಳು ಬಂದವು, ಹೋದವು. ಅವಳು ಏಳಲಿಲ್ಲ. ಆ ದೊಡ್ಡ ಕಟ್ಟಡಕ್ಕೆ ಹೋಗಿ ಮಂಚ ಕೇಳಬಹುದಿತ್ತು. ಆದರೆ ಇಷ್ಟು ವರ್ಷ ಬೇರೆಯವರಿಗೆ ಹಾಸಿ ಕೊಟ್ಟ ಮಂಚದಲ್ಲಿ ತಾನೇ ಮಲಗುವುದೇ? ನಾಚಿಕೆಯಿಂದ ಮೈ ಹಿಡಿಯಾಯಿತು. ಅದಕ್ಕಿಂತ ಈ ಬೆಂಚೇ ವಾಸಿ ಅನ್ನಿಸಿತು.

ಹೊತ್ತು ಇಳಿಯುವಾಗ ಸೇತುವೆ ದಾಟಿ ವ್ಯಾನು ಬಂತು. ಟೈಲರ್ ತಾತ ಇಳಿದು ಬಂದು ಪಕ್ಕದಲ್ಲಿ ಕೂತ.

"ಆ ಅಧಿಕಾರಿಗೆ ತಂಗಿ ಮನೆ ಅಂದಾಗಲೇ ನನಗೆ ಅನುಮಾನ ಬಂತು. ನಾನೂ ಮಗಳ ಮನೆ ಅಂತ ಹೇಳ್ಕೊಂಡೇ ಎರಡು ಮಳೆಗಾಲ ಈ ಬೆಂಚಲ್ಲಿ ಕಳೆದೋನು."

"ನನ್ನ ವಿಷಯ ಬೇರೆ."

"ಎಲ್ಲರದ್ದೂ ಬೇರೇನೇ. ಆವತ್ತು ನೀವು ನನ್ನ ಗಂಟು ಕಿತ್ಕೊಂಡು ಮುಂದೆ ನಡೆದ್ರಿ. ಗಂಟು ಬಿಡೋಕಾಗ್ದೆ ಹಿಂದೇನೇ ಬಂದೆ. ಈಗ ನೋಡಿ" ಎನ್ನುತ್ತ ತಾತ ಟ್ರಂಕಿಗೆ ಕೈ ಹಾಕಿದ. ಅದು ಅಲುಗಲಿಲ್ಲ. "ಏನ್ರೀ, ಕಲ್ಲು ತುಂಬಿದ್ದೀರಾ?"

ದೊಡ್ಡಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಒಂದು ಹಿಡಿಯನ್ನು ತಾನು ಹಿಡಿದಳು, ಇನ್ನೊಂದನ್ನು ಅವನು.

ಆ ದೊಡ್ಡ ಕಟ್ಟಡದ ಹೆಂಗಸರ ಹಾಲ್‌ನಲ್ಲಿ ಅವಳು ಕಾಲಿಟ್ಟೊಡನೆ ಹಳೆಯ ತಂಗುದಾಣದವರೆಲ್ಲ ದಡಬಡಿಸಿ ಎದ್ದು ನಿಂತರು. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ, ಗೋಡೆ ಬದಿಯ ಮಂಚದ ಮೇಲೆ ದುಪ್ಪಟಿ ಹಾಸತೊಡಗಿದಳು. ಪಕ್ಕದ ಮಂಚದಲ್ಲಿ ಆಚೆ ಊರಿನ ಹುಡುಗಿಯೊಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು. ಅವಳಿಗೆ ಇದೊಂದೂ ಗೊತ್ತಿಲ್ಲ.

"ಹೊಸಬರಾ ಅಜ್ಜಿ?" ಎಂದು ಕೇಳಿದಳು.

ಎದ್ದು ನಿಂತವರೆಲ್ಲ ದೊಡ್ಡಮ್ಮನ ಮುಖ ನೋಡಿದರು.

"ಹೂಂ ಮಗಳೇ, ಇವತ್ತೇ ಬಂದೆ" ಎಂದಳು ದೊಡ್ಡಮ್ಮ. "ನನಗೆ ಮನೆ ಇಲ್ಲ."