ಶಾಂತಕ್ಕ ಇನ್ನೊಮ್ಮೆ ಅಳಬೇಕಂತೆ

ಗೆಳೆಯರೇ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಗೋವಾದ ಫಾತೋರ್ಡಾದಲ್ಲಿ ನಮ್ಮ ಚರ್ಚಿನ ಕನ್ನಡ ಆರಾಧನೆಯಲ್ಲಿ ಗಾರೆ ಕೆಲಸದ ಶಾಂತಕ್ಕ ದೇವರು ಮಾಡಿದ ಉಪಕಾರದ ಸಾಕ್ಷಿಯನ್ನು ಮೊದಲ ಸಲ ಹೇಳಲು ಎದ್ದು ನಿಂತರು. ಕಟ್ಟಡದಿಂದ ಬಿದ್ದಿದ್ದ ಗಂಡ ಮತ್ತೆ ನಡೆದದ್ದನ್ನು ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತರು.

ಮುಗಿಯುತ್ತಿದ್ದಂತೆ, ಲೈವ್ ತೋರಿಸಲು ಫೋನ್ ಹಿಡಿದಿದ್ದ ಪಾಸ್ಟರರ ಅಳಿಯ ಕೂಗಿದ: “ಅಕ್ಕಾರ, ಲೈವ್ ಹೋಗಿಲ್ರಿ. ಮೊದಲಿಂದ ಹೇಳ್ರಿ. ಅಳೂದು ಭಾಳ ಚಲೋ ಬಂದಿತ್ತು, ಹಂಗ ಅಳ್ರಿ.”

ಶಾಂತಕ್ಕ ಕಣ್ಣೊರೆಸಿಕೊಂಡು ಕೇಳಿದರು: “ಎಲ್ಲಿಂದ ಹೇಳ್ಲಿ ತಮ್ಮಾ? ಅವರು ಬಿದ್ದಲ್ಲಿಂದ ಹೇಳ್ಲೇನು?”

ನನಗೆ ಮೈಯೆಲ್ಲ ಉರಿದುಹೋಯಿತು. ಕಾಣಿಕೆ ಎತ್ತುವ ಕೆಲಸ ನನ್ನದು, ಚೀಲ ಕೈಯಲ್ಲೇ ಇತ್ತು. ಅವನ ಫೋನ್ ಕಸಿದು ಅದರೊಳಗೆ ಹಾಕಿದೆ.

ಈಗ ಹೆಂಡತಿಯ ಫೋನಿನಿಂದ ಮೆಸೇಜ್ ಮಾಡುತ್ತಿದ್ದಾನೆ: “ನನ್ನ ಫೋನ್ ಕೊಡ್ರಿ.”

ದೇವರಿಗೆ ಹಾಕಿದ ಕಾಣಿಕೆ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ.